ದಿನದ ಧಮ್ಮ ಚಿಂತನೆ: ಕೆಲಸದ ಜಾಗದಲ್ಲಿ ಸರಿಯಾದ ಮಾತು





ಅಷ್ಟಾಂಗ ಮಾರ್ಗದ ಮೂರನೆಯ ಅಂಗ ಸಮ್ಮಾ ವಾಚಾ, ಅಂದರೆ ಸರಿಯಾದ ಮಾತು. ಸುಳ್ಳು ಹೇಳಬಾರದು, ಚಾಡಿ ಹೇಳಬಾರದು, ಒರಟು ಮಾತು ಆಡಬಾರದು, ಹುರುಳಿಲ್ಲದ ಹರಟೆ ಹೊಡೆಯಬಾರದು. ಈ ನಾಲ್ಕೂ ನಮಗೆ ಬಾಯಿಪಾಠ. ವಿಹಾರದಲ್ಲಿ ಪಂಚಶೀಲ ಹೇಳುವಾಗ ಸುಳ್ಳನ್ನು ಬಿಡುವ ಶೀಲವನ್ನು ಪ್ರತಿವಾರ ತೆಗೆದುಕೊಳ್ಳುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಜನರಿಗೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಇದೆ, ಜೀವಿಗಳೆಲ್ಲರ ಮೇಲೆ ಕರುಣೆ ಇಟ್ಟು ಬಾಳುತ್ತೇನೆ ಎಂಬುದೂ ಇದೆ.

ಆದರೆ ನಾವು ಎಚ್ಚರವಿರುವ ಹೊತ್ತಿನ ಬಹುಪಾಲು ಕಳೆಯುವುದು ವಿಹಾರದಲ್ಲಲ್ಲ. ಕಚೇರಿಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಬಸ್ ಡಿಪೋದಲ್ಲಿ, ಸಾಫ್ಟ್‌ವೇರ್ ಕಂಪನಿಯಲ್ಲಿ. ಅಲ್ಲಿ ಸುಳ್ಳು ಹೇಳಬಾರದು ಎಂದರೆ ಕಂಡದ್ದನ್ನೆಲ್ಲ ಮುಖಕ್ಕೆ ಹೊಡೆದಂತೆ ಹೇಳಬೇಕೇ? ಕರುಣೆ ಎಂದರೆ ತಪ್ಪು ಕಂಡರೂ ಸುಮ್ಮನಿರಬೇಕೇ? ನಮ್ಮ ಅಧ್ಯಯನ ಬಳಗದ ಹುಡುಗಿಯೊಬ್ಬಳು ಕಳೆದ ವಾರ ಕೇಳಿದ ಪ್ರಶ್ನೆ ಇದು. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

*ಮಗುವಿನ ಬಾಯಲ್ಲಿ ಸಿಕ್ಕ ಕಲ್ಲು*

ಈ ಪ್ರಶ್ನೆಯನ್ನು ಬುದ್ಧರಿಗೂ ಒಬ್ಬರು ಕೇಳಿದ್ದರು. ಮಜ್ಝಿಮ ನಿಕಾಯದಲ್ಲಿ ಅಭಯ ರಾಜಕುಮಾರನ ಸುತ್ತವಿದೆ. ಈ ಅಭಯ ಬುದ್ಧರನ್ನು ಮನೆಗೆ ಊಟಕ್ಕೆ ಕರೆದು, ಊಟವಾದ ಮೇಲೆ ಸಿಕ್ಕಿಸುವ ಪ್ರಶ್ನೆಯೊಂದನ್ನು ಕೇಳಿದ. ಬೇರೆಯವರಿಗೆ ಹಿತವಾಗದ ಮಾತನ್ನು ತಥಾಗತರು ಆಡುತ್ತಾರೆಯೇ? ಆಡುತ್ತೇನೆ ಎಂದರೆ, ಹಾಗಾದರೆ ನಿಮಗೂ ಸಾಮಾನ್ಯ ಜನರಿಗೂ ಏನು ವ್ಯತ್ಯಾಸ ಎಂದು ಕೇಳಬಹುದು. ಆಡುವುದಿಲ್ಲ ಎಂದರೆ, ಮತ್ತೆ ದೇವದತ್ತನ ಬಗ್ಗೆ ಅಷ್ಟು ಕಠಿಣವಾಗಿ ಏಕೆ ಹೇಳಿದಿರಿ ಎಂದು ಕೇಳಬಹುದು. ಆಕಡೆ ಹೋದರೂ ಸಿಕ್ಕಿಬೀಳಬೇಕು, ಈಕಡೆ ಹೋದರೂ ಸಿಕ್ಕಿಬೀಳಬೇಕು.

ಆ ಹೊತ್ತಿಗೆ ರಾಜಕುಮಾರನ ತೊಡೆಯ ಮೇಲೆ ಒಂದು ಎಳೆಯ ಮಗು ಮಲಗಿತ್ತು. ಬುದ್ಧರು ಅದನ್ನು ನೋಡಿ ಕೇಳಿದರು: ನಿನ್ನ ಅಥವಾ ದಾದಿಯ ಗಮನ ತಪ್ಪಿ ಈ ಮಗು ಒಂದು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯ? ಅಭಯ ಹೇಳಿದ: ತೆಗೆಯುತ್ತೇನೆ. ಸುಲಭವಾಗಿ ಬರದಿದ್ದರೆ ಎಡಗೈಯಲ್ಲಿ ತಲೆಯನ್ನು ಹಿಡಿದುಕೊಂಡು, ಬಲಗೈಯ ಬೆರಳನ್ನು ಕೊಕ್ಕೆಯಂತೆ ಬಾಗಿಸಿ ಹೊರಗೆಳೆಯುತ್ತೇನೆ. ರಕ್ತ ಬಂದರೂ ಸರಿ. ಏಕೆಂದರೆ ಮಗುವಿನ ಮೇಲೆ ನನಗೆ ಅನುಕಂಪ ಇದೆ.

ತಮ್ಮ ಮಾತೂ ಹಾಗೆಯೇ ಎಂದರು ಬುದ್ಧರು. ನಿಜವಲ್ಲದ್ದನ್ನು ತಥಾಗತರು ಹೇಳುವುದಿಲ್ಲ, ಅದು ಕೇಳುವವರಿಗೆ ಎಷ್ಟೇ ಸಿಹಿಯಾಗಿದ್ದರೂ. ನಿಜವಾಗಿದ್ದರೂ ಪ್ರಯೋಜನವಿಲ್ಲದ್ದನ್ನು ಹೇಳುವುದಿಲ್ಲ. ನಿಜವಾಗಿದ್ದು, ಪ್ರಯೋಜನವೂ ಇದ್ದರೆ, ಕಹಿಯಾದರೂ ಹೇಳುತ್ತಾರೆ. ಆದರೆ ಯಾವಾಗ ಹೇಳಬೇಕು ಎಂಬುದನ್ನು ಅರಿತು ಹೇಳುತ್ತಾರೆ.

ಬಂಧುಗಳೇ, ಆ ರಾಜಕುಮಾರನ ಎರಡು ಕೈಗಳನ್ನು ಗಮನಿಸಿ. ಒಂದು ಕೈ ತಲೆಯನ್ನು ಹಿಡಿದಿದೆ, ಇನ್ನೊಂದು ಕೈ ಕಲ್ಲನ್ನು ತೆಗೆಯುತ್ತಿದೆ. ತಲೆ ಹಿಡಿಯದೆ ಬೆರಳು ಹಾಕಿದರೆ ಮಗುವಿಗೆ ಗಾಯ. ಬೆರಳು ಹಾಕದೆ ತಲೆ ಸವರುತ್ತ ಕೂತರೆ ಮಗು ಉಳಿಯುವುದಿಲ್ಲ.

ನಮ್ಮ ಕೆಲಸದ ಜಾಗಗಳಲ್ಲಿ ಒಂಟಿ ಕೈಯವರೇ ಹೆಚ್ಚು. "ನಂದೇನಿದ್ರೂ ನೇರ ಮಾತು" ಎನ್ನುವವರಿದ್ದಾರೆ. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ, ಐವತ್ತು ಜನರ ಎದುರಿಗೆ, ಒಬ್ಬರ ತಪ್ಪನ್ನು ಎತ್ತಿ ಹಾಕುತ್ತಾರೆ. ಹೇಳಿದ್ದು ನಿಜವೇ ಇರಬಹುದು, ಆದರೆ ಅಲ್ಲಿ ತಲೆ ಹಿಡಿಯುವ ಕೈ ಇಲ್ಲ. ಇನ್ನು ಕೆಲವರು ಎಲ್ಲದಕ್ಕೂ "ಓಕೆ ಸರ್" ಎಂದು ಒಂದು ಹೆಬ್ಬೆರಳು ಕಳಿಸಿ, ಆಮೇಲೆ ಕ್ಯಾಂಟೀನಿನಲ್ಲಿ ಕೂತು ಅದೇ ಸಾಹೇಬರನ್ನು ಆಡಿಕೊಳ್ಳುತ್ತಾರೆ. ನೋಡಲು ಇದು ಸೌಮ್ಯ ಸ್ವಭಾವ. ಒಳಗೆ ಸುಳ್ಳೂ ಇದೆ, ಚಾಡಿಯೂ ಇದೆ.

*ನಮ್ಮ ಮೌನಕ್ಕೆ ಒಂದು ಚರಿತ್ರೆ ಇದೆ*

ಎಲ್ಲರಿಗೂ ಹೇಳುವ ಮಾತನ್ನು ನಮಗೆ ಹೇಳಿಕೊಳ್ಳುವಾಗ ಒಂದು ವಿಷಯ ಮರೆಯಬಾರದು. ಕೆಲಸದ ಜಾಗದಲ್ಲಿ ನಮ್ಮವರ ಬಾಯಿ ಕಟ್ಟಿದ್ದು ಸ್ವಭಾವದಿಂದಲ್ಲ.

1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಸೇವೆಗೆ ಸೇರಿದರು. ಅಲ್ಲಿನ ಜವಾನರು ಮುಟ್ಟಿದರೆ ಮೈಲಿಗೆಯೆಂದು ಕಡತಗಳನ್ನು ಅವರ ಮೇಜಿನ ಮೇಲೆ ದೂರದಿಂದ ಎಸೆಯುತ್ತಿದ್ದರು. ಕುಡಿಯುವ ನೀರಿಗೂ ತೊಂದರೆ, ಉಳಿದುಕೊಳ್ಳಲು ಮನೆಗೂ ತೊಂದರೆ. ಒಬ್ಬ ಸಹೋದ್ಯೋಗಿ ಹತ್ತಿರ ಬಂದು "ಏನಾಯಿತು, ಹೇಗಿದ್ದೀರಿ" ಎಂದು ಕೇಳುವುದೇ ಇಲ್ಲದ ಕಚೇರಿ ಎಂದರೆ ಏನು ಎಂಬುದನ್ನು ಅವರು ಮೈಯಲ್ಲಿ ಅನುಭವಿಸಿದ್ದರು. ಮುಂದೆ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗಲೂ, ಅವರು ಅಧ್ಯಾಪಕರ ನೀರಿನ ಪಾತ್ರೆಯಿಂದ ನೀರು ಕುಡಿಯುವುದಕ್ಕೆ ಆಕ್ಷೇಪ ಬಂತು.

ಈಗ ಕಡತ ಎಸೆಯುವುದಿಲ್ಲ. ಆದರೆ "ನೀವು ಯಾವ ಪೈಕಿ?" ಎಂಬ ಪ್ರಶ್ನೆ ಇದೆ. ಊರು ಕೇಳಿ, ಕೇರಿ ಕೇಳಿ, ಅಪ್ಪನ ಹೆಸರು ಕೇಳಿ, ಉತ್ತರ ಸಿಕ್ಕ ಮೇಲೆ ಟಿಫಿನ್ ಡಬ್ಬಿ ಸ್ವಲ್ಪ ಆಚೆ ಸರಿಯುವುದು ಇದೆ. ಇದನ್ನು ಕಂಡವರು ಮಾತು ಕಡಿಮೆ ಮಾಡುತ್ತಾರೆ. ಮನೆಯಿಂದ ಕೆಲಸ ಮಾಡುವ ನಮ್ಮ ಹುಡುಗರು ವಿಡಿಯೋ ಕಾಲ್‌ಗೆ ಕೂರುವ ಮೊದಲು ಹಿಂದಿನ ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ ಕಾಣುತ್ತದೆಯೇ ಎಂದು ನೋಡಿಕೊಳ್ಳುತ್ತಾರೆ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ" ಎಂದು ಕೇಳಲು ಹೆದರುತ್ತಾರೆ. ಬೇರೆಯವರು ಕೇಳಿದರೆ ಅದು ಸಂದೇಹ, ನಾವು ಕೇಳಿದರೆ ಅದು ಅಯೋಗ್ಯತೆ ಎಂದಾಗುತ್ತದೆ ಎಂಬ ಭಯ.

*"ಚರ್ಚಿಸಿ"*

ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಕೆಲವು ವರ್ಷಗಳ ಹಿಂದೆ ನಮ್ಮ ಶಾಖೆಗೆ ಒಬ್ಬ ಹುಡುಗ ದ್ವಿತೀಯ ದರ್ಜೆ ಸಹಾಯಕನಾಗಿ ಬಂದ. ನಮ್ಮವನೇ. ಅವನ ತಂದೆ ಅದೇ ಕಚೇರಿಯಲ್ಲಿ ಡಿ ಗ್ರೂಪ್ ನೌಕರರಾಗಿದ್ದು, ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರು. ಮಗನದು ಅನುಕಂಪದ ಆಧಾರದ ನೇಮಕಾತಿ. ಆದೇಶದ ಆ ಪದವನ್ನು ನೋಡಿದಾಗೆಲ್ಲ ನನಗೆ ಅಭಯನ ಮಾತು ನೆನಪಾಗುತ್ತದೆ. ಪಾಲಿಯಲ್ಲಿ ಅವನು ಹೇಳಿದ್ದೂ ಅದೇ ಪದ, ಅನುಕಂಪಾ. ಸರ್ಕಾರ ಅದನ್ನು ಒಂದು ಸಲ ಆದೇಶದಲ್ಲಿ ಬರೆದು ಕೈತೊಳೆದುಕೊಂಡಿತ್ತು. ಉಳಿದದ್ದನ್ನು ಜೊತೆಯಲ್ಲಿ ಕೆಲಸ ಮಾಡುವವರು ಬರೆಯಬೇಕಿತ್ತು.

ಹುಡುಗ ಮಂಡಿಸಿದ ಕಡತಗಳು ಸಾಹೇಬರ ಕೊಠಡಿಯಿಂದ ಮತ್ತೆ ಮತ್ತೆ ವಾಪಸ್ ಬರುತ್ತಿದ್ದವು. ಅಂಚಿನಲ್ಲಿ ಒಂದೇ ಪದ: ಚರ್ಚಿಸಿ. ಸರ್ಕಾರಿ ಕೆಲಸದಲ್ಲಿರುವವರಿಗೆ ಈ ಪದ ಚೆನ್ನಾಗಿ ಗೊತ್ತು. ಬಂದು ಮಾತಾಡು ಎಂದು ಅದರ ಅರ್ಥ. ಆದರೆ ಹುಡುಗ ಒಳಗೆ ಹೋಗುತ್ತಿರಲಿಲ್ಲ, ಒಳಗಿನವರು ಕರೆಯುತ್ತಿರಲಿಲ್ಲ. ಕಡತ ಮೇಜಿನ ಮೇಲೆ ಕೂತಿರುತ್ತಿತ್ತು. ಶಾಖೆಯ ಹಿರಿಯ ಸಹೋದ್ಯೋಗಿಯೊಬ್ಬರು ಅವನು ಇಲ್ಲದಾಗ ಹೇಳುತ್ತಿದ್ದರು: "ಇವರಿಗೆಲ್ಲ ಕೆಲಸ ಸಿಕ್ಕಿಬಿಡುತ್ತೆ, ಒಂದು ಟಿಪ್ಪಣಿ ಬರೆಯೋಕೆ ಬರಲ್ಲ."

ಇಲ್ಲಿ ಆಡಬೇಕಾದ ಮಾತು ಒಂದಲ್ಲ, ಎರಡು.

ಮೊದಲನೆಯದು ಹುಡುಗನ ಜೊತೆ. ಜಾತಿಯ ಕಾರಣಕ್ಕೆ ಹೀಗೆ ಆಡಿಕೊಳ್ಳುತ್ತಾರೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದಷ್ಟೇ ಹೇಳಬಹುದಿತ್ತು. ಅದು ನಿಜವೂ ಹೌದು. ಆದರೆ ಕಲ್ಲು ಬಾಯಲ್ಲೇ ಉಳಿಯುತ್ತಿತ್ತು, ಏಕೆಂದರೆ ಟಿಪ್ಪಣಿ ನಿಜವಾಗಿಯೂ ಸರಿಯಿರಲಿಲ್ಲ. ಒಂದು ದಿನ ಊಟದ ವಿರಾಮದಲ್ಲಿ ಪಕ್ಕ ಕೂತು ಹೇಳಿದೆ: "ತಮ್ಮಾ, ಅರ್ಜಿ ಕೊಟ್ಟವರ ಕಷ್ಟ ಚೆನ್ನಾಗಿ ಬರೀತೀಯ. ಆದರೆ ಯಾವ ನಿಯಮದಲ್ಲಿ ಏನು ಮಾಡೋಕೆ ಅವಕಾಶ ಇದೆ ಅಂತ ಬರೆಯಲ್ಲ. ಅದಿಲ್ಲದೆ ಯಾರೂ ಸಹಿ ಹಾಕಲ್ಲ."

ಅವನ ಮುಖ ಬಾಡಿತು. "ನೀವೂ ಅದೇ ಹೇಳ್ತೀರಲ್ಲಕ್ಕ" ಎಂದ.

"ಅವರು ನಿನ್ನ ಬಗ್ಗೆ ಬೇರೆಯವರ ಹತ್ರ ಹೇಳ್ತಾರೆ. ನಾನು ನಿನ್ನ ಟಿಪ್ಪಣಿ ಬಗ್ಗೆ ನಿನ್ನ ಹತ್ರ ಹೇಳ್ತಿದ್ದೀನಿ. ಎರಡೂ ಒಂದೇನಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನಾಗಿಯೇ ಹೇಳಿದ. ಸಾಹೇಬರ ಕೊಠಡಿಯ ಹೊರಗಿನ ಆ ಸ್ಟೂಲ್ ಇದೆಯಲ್ಲ, ಅಪ್ಪ ಅದರ ಮೇಲೆ ಕೂತು ಬೆಲ್ಲಿಗೆ ಕಾಯುತ್ತಿದ್ದರಂತೆ. ಚಿಕ್ಕವನಿದ್ದಾಗ ಬಂದು ನೋಡಿದ್ದ. ಈಗ ಆ ಬಾಗಿಲ ಹತ್ತಿರ ಹೋದರೆ ಕಾಲು ನಿಂತುಬಿಡುತ್ತದೆ, ಒಳಗೆ ಹೋದರೂ ಬಾಯಿ ಬರುವುದಿಲ್ಲ ಎಂದ.

ಕಚೇರಿಯೆಲ್ಲ ಸೋಮಾರಿತನ ಎಂದುಕೊಂಡದ್ದು ಇದನ್ನು. ಕೇಳದೆ ಯಾರಿಗೆ ತಿಳಿಯಬೇಕು?

ಆಮೇಲೆ ಕೆಲವು ದಿನ ಮಧ್ಯಾಹ್ನ ಹಳೆಯ, ವಿಲೇವಾರಿಯಾದ ಕಡತಗಳನ್ನು ತೆಗೆದುಕೊಂಡು ಕೂತೆವು. ವಿಷಯ, ಉಲ್ಲೇಖ, ನಿಯಮ, ಪ್ರಸ್ತಾವ, ಹೀಗೆ ಒಂದೊಂದಾಗಿ. "ಚರ್ಚಿಸಿ" ಎಂದು ಬಂದ ಒಂದು ಕಡತ ಹಿಡಿದು ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ಸಾಹೇಬರು ಐದು ನಿಮಿಷದಲ್ಲಿ ಏನು ಬೇಕೆಂದು ಹೇಳಿದರು. ಪವಾಡವೇನೂ ನಡೆಯಲಿಲ್ಲ. ಅವನ ಕಡತಗಳು ಈಗಲೂ ಒಮ್ಮೊಮ್ಮೆ ವಾಪಸ್ ಬರುತ್ತವೆ, ಎಲ್ಲರದೂ ಬರುತ್ತವೆ. ಈಗ ಅವನೇ ಎದ್ದು ಹೋಗಿ ಕೇಳುತ್ತಾನೆ.

ಎರಡನೆಯ ಮಾತು ಆ ಹಿರಿಯ ಸಹೋದ್ಯೋಗಿಯ ಜೊತೆ. ಎಲ್ಲರ ಎದುರು ಕೇಳಿದರೆ ಅವರು ಮಾತು ಉಳಿಸಿಕೊಳ್ಳಲು ಜಗಳಕ್ಕೆ ನಿಲ್ಲುತ್ತಾರೆ ಎಂದು ಗೊತ್ತಿತ್ತು. ಚಹಾದ ಹೊತ್ತಿಗೆ ಒಬ್ಬರೇ ಸಿಕ್ಕಾಗ ಕೇಳಿದೆ: "ಸರ್, ಇವರು ಅಂದರೆ ಯಾರು? ಟಿಪ್ಪಣಿ ಸರಿಯಿಲ್ಲ ಅನ್ನಿ, ಒಪ್ತೀನಿ. 'ಇವರಿಗೆಲ್ಲ' ಅಂದಾಗ ಅದರಲ್ಲಿ ನಾನೂ ಬಂದೆ, ತೀರಿಹೋದ ಅವರಪ್ಪನೂ ಬಂದ್ರು. ನೀವು ಸರ್ವಿಸ್‌ಗೆ ಸೇರಿದಾಗ ನಿಮಗೆ ಬರೆಯೋಕೆ ಯಾರು ಕಲಿಸಿದ್ರು?"

ಅವರು ತಕ್ಷಣ ಉತ್ತರಿಸಲಿಲ್ಲ. ಲೋಟ ಕೆಳಗಿಟ್ಟ ಮೇಲೆ, ಆಗಿನ ಸೂಪರಿಂಟೆಂಡೆಂಟ್ ತಮ್ಮ ಊರಿನವರೇ, ಪಕ್ಕದಲ್ಲಿ ಕೂರಿಸಿಕೊಂಡು ಆರು ತಿಂಗಳು ತಿದ್ದಿದ್ದರು ಎಂದರು. ಕ್ಷಮೆ ಕೇಳಲಿಲ್ಲ. ಅವರ ಮನಸ್ಸು ಬದಲಾಯಿತು ಎಂದೂ ನಾನು ಹೇಳುವುದಿಲ್ಲ. ಆದರೆ ಆ ಮಾತು ಶಾಖೆಯಲ್ಲಿ ಮತ್ತೆ ಕೇಳಿಬರಲಿಲ್ಲ. ಬರೆಯಲು ಬರುವುದು ಹುಟ್ಟಿನಿಂದಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳುವವರು ಇರುವುದರಿಂದ ಎಂಬುದನ್ನು ಅವರ ಬಾಯಿಂದಲೇ ಅವರು ಕೇಳಿಸಿಕೊಂಡರು. ಅಷ್ಟು ಸಾಕಿತ್ತು.

*ನಾವು ಮೇಲಿರುವಾಗ*

ಬಂಧುಗಳೇ, ನಮಗಾದ ನೋವನ್ನು ಹೇಳುವುದು ಸುಲಭ. ಓದಿ, ಕೆಲಸ ಹಿಡಿದು, ನಮ್ಮ ಕೈಕೆಳಗೂ ಇಬ್ಬರು ದುಡಿಯುವ ಸ್ಥಿತಿಗೆ ಬಂದಾಗ ಧಮ್ಮದ ಪರೀಕ್ಷೆ ಶುರುವಾಗುತ್ತದೆ.

ಸಿಗಾಲ ಎಂಬ ಗೃಹಸ್ಥನಿಗೆ ಬುದ್ಧರು ಹೇಳಿದ ಉಪದೇಶ ದೀಘ ನಿಕಾಯದಲ್ಲಿದೆ. ಕೆಲಸ ಮಾಡಿಸುವವರು ಕೆಲಸ ಮಾಡುವವರಿಗೆ ಐದು ರೀತಿಯಲ್ಲಿ ನಡೆದುಕೊಳ್ಳಬೇಕು. ಅವರ ಶಕ್ತಿ ನೋಡಿ ಕೆಲಸ ಹಂಚಬೇಕು. ಊಟ, ಸಂಬಳ ಕೊಡಬೇಕು. ಕಾಯಿಲೆಯಾದರೆ ನೋಡಿಕೊಳ್ಳಬೇಕು. ರುಚಿಯಾದದ್ದು ಸಿಕ್ಕರೆ ಹಂಚಿಕೊಳ್ಳಬೇಕು. ಸಮಯಕ್ಕೆ ಬಿಡುವು ಕೊಡಬೇಕು. ಕೆಲಸ ಮಾಡುವವರೂ ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳಬೇಕು, ಕೆಲಸವನ್ನು ಚೆನ್ನಾಗಿ ಮಾಡಬೇಕು ಎಂದು ಅವರ ಪಾಲಿಗೂ ಐದು ಹೇಳಿದ್ದಾರೆ. ಬಾಬಾಸಾಹೇಬರು "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಗೃಹಸ್ಥರಿಗಾಗಿ ಕೊಟ್ಟ ವಿನಯದಲ್ಲಿ ಯಜಮಾನ ಮತ್ತು ಕೆಲಸಗಾರರ ಈ ಭಾಗವನ್ನೂ ಸೇರಿಸಿದ್ದಾರೆ.

ಈ ಐದರಲ್ಲಿ ಮಾತಿಲ್ಲದೆ ಆಗುವುದು ಯಾವುದು? ಅವರ ಶಕ್ತಿ ಎಷ್ಟು ಎಂದು ಕೇಳದೆ ತಿಳಿಯುವುದಿಲ್ಲ. ಕಾಯಿಲೆಯಾಗಿದೆ ಎಂದು ಹೇಳಲು ಅವರಿಗೆ ಧೈರ್ಯ ಬರಬೇಕು. ರಜೆ ಬೇಕು ಎಂದರೆ ಗದರುವುದಿಲ್ಲ ಎಂಬ ನಂಬಿಕೆ ಇರಬೇಕು.

ಇನ್ನೂ ಒಂದು ವಿಷಯ ನಮ್ಮ ಕನ್ನಡದ್ದು. ಸಾಹೇಬರಿಗೆ "ಬನ್ನಿ ಸರ್", ಕಸ ಗುಡಿಸುವ, ನಮ್ಮ ತಾಯಿಯ ವಯಸ್ಸಿನ ಹೆಂಗಸಿಗೆ "ಬಾರೇ ಇಲ್ಲಿ". ಸೆಕ್ಯುರಿಟಿಯ ಮುದುಕರಿಗೆ "ಏಯ್, ಗೇಟ್ ತೆಗಿ". ಪ್ರೀತಿಯ ಏಕವಚನ ಬೇರೆ, ಅಧಿಕಾರದ ಏಕವಚನ ಬೇರೆ. ಎರಡನೆಯದು ಜಾತಿಯ ಭಾಷೆ, ಅದನ್ನು ಯಾರು ಆಡಿದರೂ. ಹೊರಗುತ್ತಿಗೆಯಲ್ಲಿ ಬಂದ ಆ ಹೆಂಗಸಿನ ಹೆಸರು ನಮಗೆ ಗೊತ್ತೇ? ಈ ತಿಂಗಳ ಸಂಬಳ ಅವರ ಖಾತೆಗೆ ಬಂತೇ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಒಬ್ಬ ಭಿಕ್ಖು ಭೇದಿಯಾಗಿ, ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಬೇರೆ ಭಿಕ್ಖುಗಳು ನೋಡಿಕೊಂಡಿರಲಿಲ್ಲ. ಇವನು ನಮಗೇನೂ ಉಪಯೋಗಕ್ಕೆ ಬಾರದವನು ಎಂಬುದು ಅವರ ಕಾರಣ. ಬುದ್ಧರು ಆನಂದನಿಂದ ನೀರು ತರಿಸಿ, ತಾವು ನೀರು ಹಾಕಿ, ಆನಂದ ತೊಳೆದು, ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಸೇರಿಸಿ ಕೇಳಿದರು: ನಿಮಗೆ ತಾಯಿಯಿಲ್ಲ, ತಂದೆಯಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡಿಕೊಳ್ಳುತ್ತಾರೆ? ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ.

ಇಲ್ಲಿ ಕ್ರಮವನ್ನು ನೋಡಿ. ಮೊದಲು ತೊಳೆದರು, ಆಮೇಲೆ ತಿದ್ದಿದರು. ಆ ಮಾತಿಗೆ ಸಂಘದಲ್ಲಿ ತೂಕ ಬಂದದ್ದು ಹಾಗೆ. ಉಪಯೋಗಕ್ಕೆ ಬಂದರಷ್ಟೇ ಮನುಷ್ಯ ಎಂಬ ಲೆಕ್ಕ ಇವತ್ತಿನ ಕಂಪನಿಗಳಲ್ಲಿ ಮಾತ್ರ ಹುಟ್ಟಿದ್ದಲ್ಲ. ಅದು ಸಂಘದೊಳಗೂ ತಲೆ ಎತ್ತಿತ್ತು. ಬುದ್ಧರು ಅದನ್ನು ಬೆಳೆಯಲು ಬಿಡಲಿಲ್ಲ.

*ಮೈತ್ರಿ ಎಂದರೆ ಸಹಿಸಿಕೊಳ್ಳುವುದಲ್ಲ*

ಹೀಗೆಂದ ಮಾತ್ರಕ್ಕೆ ಅವಮಾನವನ್ನು ನುಂಗಿಕೊಂಡು ನಗಬೇಕೆಂದು ಯಾರೂ ತಿಳಿಯಬೇಡಿ. ಪಕ್ಕಕ್ಕೆ ಕರೆದು ಹೇಳಿದರೆ ಸರಿಹೋಗುವ ಮಾತು ಕೆಲವು. ಮತ್ತೆ ಮತ್ತೆ ನಡೆಯುವ ಅವಮಾನ, ಜಾತಿ ಹಿಡಿದು ಬೈಯುವುದು, ಹೆಣ್ಣುಮಕ್ಕಳಿಗೆ ಕಿರುಕುಳ, ಇವಕ್ಕೆ ಬರವಣಿಗೆಯ ದೂರೇ ಸರಿಯಾದ ಮಾತು. ದಿನಾಂಕ, ಸಮಯ, ಆಡಿದ ಪದ, ಹತ್ತಿರವಿದ್ದವರು ಯಾರು ಎಂದು ಇದ್ದದ್ದನ್ನು ಇದ್ದಂತೆ ಬರೆದ ದೂರು ನಿಜವೂ ಹೌದು, ಪ್ರಯೋಜನವೂ ಹೌದು, ಸಮಯಕ್ಕೆ ತಕ್ಕದ್ದೂ ಹೌದು. 1989ರ ದೌರ್ಜನ್ಯ ತಡೆ ಕಾಯ್ದೆ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇರುವುದು ಅದಕ್ಕೇ. ದ್ವೇಷವಿಲ್ಲದೆಯೂ ದೂರು ಕೊಡಬಹುದು. ಆಗ ಕೈ ನಡುಗುವುದೂ ಕಡಿಮೆ.

ಬಾಬಾಸಾಹೇಬರು ಎರಡೂ ದಾರಿ ತೋರಿಸಿದ್ದಾರೆ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣದ ಕೆಲವು ಭಾಗ ಬದಲಿಸಲು ಕೇಳಿತು. ಅವರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು, ಅವರು ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. ಅದೇ ಜಾತಿ ವಿನಾಶ. ಕಹಿಯಾದ ನಿಜವನ್ನು ಹೇಳಿದ ಆ ಭಾಷಣದಲ್ಲೇ, ಪ್ರಜಾಪ್ರಭುತ್ವವೆಂದರೆ ಬರೀ ಸರ್ಕಾರದ ಒಂದು ರೂಪವಲ್ಲ, ಒಟ್ಟಿಗೆ ಬಾಳುತ್ತ ಅನುಭವವನ್ನು ಒಬ್ಬರಿಗೊಬ್ಬರು ಹೇಳಿ ಹಂಚಿಕೊಳ್ಳುವ ರೀತಿ ಎಂಬ ವಿಚಾರವೂ ಇದೆ. 1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದ ಮೇಲೆ, ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಒಂದೆಡೆ ಕೂತು ಮಾತಾಡುವ ತ್ರಿಪಕ್ಷೀಯ ಕಾರ್ಮಿಕ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಬರೋಡಾದಲ್ಲಿ ಯಾರೂ ಮಾತಾಡಿಸದಿದ್ದ ಮನುಷ್ಯ, ಕಾರ್ಮಿಕ ಮಾಲೀಕನ ಎದುರು ಕೂತು ಮಾತಾಡುವ ಜಾಗದ ಮುಂದಾಳಾದರು.

ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಅದನ್ನೂ ದಾಟಿ ಎಲ್ಲ ಜೀವಿಗಳ ಮೇಲಿನ ಪ್ರೀತಿ ಎಂದು ಅವರು ಬಿಡಿಸಿ ಹೇಳಿದ್ದಾರೆ. ಅಷ್ಟು ದೊಡ್ಡ ಮೈತ್ರಿ ಒಂದೇ ಸಲಕ್ಕೆ ನಮಗೆ ಬಾರದಿರಬಹುದು. ಪಕ್ಕದ ಮೇಜಿನಿಂದ ಶುರು ಮಾಡಬಹುದು.

*ಇಂದಿನ ಅಭ್ಯಾಸ*

1. ಇವತ್ತು ಒಬ್ಬರ ತಪ್ಪನ್ನು ಹೇಳಬೇಕಾಗಿ ಬಂದರೆ ಗ್ರೂಪಿನಲ್ಲಿ ಹಾಕಬೇಡಿ. ಅವರಿಗೇ ಹೇಳಿ. ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ: "ಯಾಕೆ ಹೀಗಾಯಿತು?" ಉತ್ತರವನ್ನು ಪೂರ್ತಿ ಕೇಳಿ.

2. ನಿಮಗೆ ಗೊತ್ತಿಲ್ಲದ ಒಂದು ವಿಷಯವನ್ನು ಇವತ್ತು ಬಾಯಿಬಿಟ್ಟು ಕೇಳಿ. ಕೇಳುವುದು ಅಯೋಗ್ಯತೆಯಲ್ಲ. ತಥಾಗತರ ಸುತ್ತಗಳಲ್ಲಿ ಬಹಳಷ್ಟು ಹುಟ್ಟಿದ್ದೇ ಯಾರೋ ಒಬ್ಬರು ಪ್ರಶ್ನೆ ಕೇಳಿದ್ದರಿಂದ.

3. ನಿಮಗಿಂತ ಕೆಳಗಿನ ಹುದ್ದೆಯಲ್ಲಿರುವ ಒಬ್ಬರನ್ನು ಹೆಸರಿಡಿದು, ಬಹುವಚನದಲ್ಲಿ ಮಾತಾಡಿಸಿ. ಹೆಸರು ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಕೇಳಿ.

ಸಂಜೆ ಮನೆಗೆ ಬಂದು ಐದು ನಿಮಿಷ ಕಣ್ಣು ಮುಚ್ಚಿ ಕೂತಾಗ, ಇವತ್ತು ಆಡಿದ ಒಂದು ಮಾತನ್ನು ಮುಂದಿಟ್ಟುಕೊಂಡು ನೋಡಿ. ನಿಜವಾಗಿತ್ತೇ? ಪ್ರಯೋಜನವಿತ್ತೇ? ಸಮಯ ಸರಿಯಿತ್ತೇ? ತಲೆ ಹಿಡಿಯುವ ಕೈಯೂ ಇತ್ತೇ? ಕಂಡದ್ದನ್ನು ಭಾನುವಾರದ ಬಳಗದಲ್ಲಿ ಹಂಚಿಕೊಳ್ಳಿ. ಓದಿ ಹೆಬ್ಬೆರಳು ಒತ್ತಿ ಬಿಡಬೇಡಿ, ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದು ಬರೆಯಿರಿ. ಅದೂ ಸಮ್ಮಾ ವಾಚಾ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್ 🙏